ಮುತ್ತೂರಾಕಿಗೆ ನಡುಗಡ್ಡಿ ತೋರಸ್ತಾರಂತ

ಮಗ್ಗಲ ಮನೆ ಕಾಕುವಿನ ಮಗಳು, ಅಳಿಯ ಜರ್ಮನಿಯಲ್ಲಿದ್ದಾರೆ. ಪ್ಯಾರಿಸು, ಸ್ವಿಟ್ಜರ್ಲೆಂಡು ತೋರಿಸುತ್ತೇವೆ ಬರ್ರಿ ಅಂತ ಎಷ್ಟು ಕರೆದರೂ ಕಾಕಾ ಜಪ್ಪಯ್ಯ ಅಂದಿರಲಿಲ್ಲ. ಈಗ ಅಳಿಯ ಬೇರೆ ಗಾಳ ಹಾಕಿದ್ದಾನೆ. ಸಣ್ಣದೊಂದು ಹಡಗು, ಕ್ರೊಯೇಷಿಯಾದಿಂದ ಹೊರಟು ಗ್ರೀಸಿನ ಅಥೆನ್ಸ್‌ವರೆಗೆ. ದಂಡೆ ಹಿಡಿದು, ನಡುಗಡ್ಡೆಯಿಂದ ನಡುಗಡ್ಡೆಗೆ, ಹತ್ತು ದಿನ. ಸುದ್ದಿ ನನಗೆ ತಲುಪಿದ್ದು ಕಂಪೌಂಡ್ ಗೋಡೆಯ ಮೇಲಿಂದ, ಒಂದು ಹಿಡಿ ಕರಿಬೇವಿನ ಜೊತೆ.

“ಅಕ್ಕೋರ, ನೀವು ಭೂಗೋಲ ಕಲಿಸಿದವರು. ಖರೇ ಹೇಳ್ರಿ. ಜಮಖಂಡಿ ಮಂದಿ ಸಮುದ್ರದಾಗ ಹತ್ತ ದಿನಾ ಇರಾಕ ಆಕ್ಕೇತೇನು?”

“ನೀವೆಲ್ಲಿ ಜಮಖಂಡಿಯವರು ಕಾಕು? ನಿಮ್ಮ ತವರು ಮುತ್ತೂರು.”

“ಅದನ್ನ ಹೇಳಾಕತ್ತೀನಿ ನಾನೂ. ಮುತ್ತೂರಾಕಿಗೆ ನಡುಗಡ್ಡಿ ತೋರಸ್ತಾರಂತ! ಅದೂ ಒಬ್ಬೊಬ್ಬರಿಗೆ ಐದಾರ ಲಕ್ಷ ಕೊಟ್ಟು. ನಮ್ಮ ಅಣ್ಣನ ಮನಿಗೆ ಬಾ ಅಂತ ಹೇಳ್ರಿ ಅಳಿಯಗ, ಪುಗಸಟ್ಟೆ ತೋರಸ್ತೀನಿ.”

ಮುತ್ತೂರು ಗೊತ್ತಿಲ್ಲದವರಿಗೆ ಒಂದು ಮಾತು. ಜಮಖಂಡಿ ತಾಲ್ಲೂಕಿನ ಕೃಷ್ಣೆಯ ದಂಡೆಯ ಊರು ಅದು. ಆಲಮಟ್ಟಿಯಲ್ಲಿ ನೀರು ನಿಲ್ಲಿಸತೊಡಗಿದ ಮೇಲೆ ಹಿನ್ನೀರು ಸುತ್ತುಗಟ್ಟಿ, ಎತ್ತರದಲ್ಲಿದ್ದ ಭಾಗ ನಡುಗಡ್ಡೆಯಾಗಿ ಉಳಿಯಿತು. ಪುನರ್ವಸತಿ ಸಿಕ್ಕವರು ಈಚೆಗೆ ಬಂದರು. ಹೊಲ ಬಿಟ್ಟು ಬರಲು ಮನಸ್ಸಾಗದ ಒಂದಿಷ್ಟು ಮನೆಯವರು ಅಲ್ಲೇ ನಿಂತರು. ಕಾಕುವಿನ ಅಣ್ಣನ ಮನೆಯವರೂ ಅವರಲ್ಲಿ ಸೇರಿದ್ದಾರೆ. ನೀರು ಏರಿದಾಗ ಹಾಲಿನ ಕ್ಯಾನು, ರೇಷನ್ ಅಕ್ಕಿ, ಸಾಲಿ ಹುಡುಗರು, ಮದುವೆಯ ಬೀಗರು ಎಲ್ಲರಿಗೂ ದೋಣಿಯೇ ಗತಿ. ಮಗಳನ್ನು ಆ ಊರಿಗೆ ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ ಅನ್ನುವುದು ಕಾಕುವಿಗೆ ಮೊದಲಿನಿಂದಲೂ ಇರುವ ಸಿಟ್ಟು.

ಇಂಥವರಿಗೆ ಹಡಗಿನ ವ್ಯವಹಾರ ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂತು. ಕಾಕು ಹಡಗು ಅಂದುಕೊಂಡದ್ದು ಟಿವಿಯಲ್ಲಿ ಕಾಣುವ ತೇಲುವ ಬಂಗಲೆಯನ್ನು. 2024ರಲ್ಲಿ ಓಡಾಟ ಶುರು ಮಾಡಿದ ‘ಐಕಾನ್ ಆಫ್ ದ ಸೀಸ್’ ಅನ್ನುವ ಹಡಗು 365 ಮೀಟರ್ ಉದ್ದ, ಇಪ್ಪತ್ತು ಅಂತಸ್ತು, ಭರ್ತಿಯಾದರೆ ಏಳು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರು. ಅದನ್ನು ಕೇಳಿ ಕಾಕು ಸೊಪ್ಪು ಸೋಸುವುದನ್ನು ನಿಲ್ಲಿಸಿದರು.

“ಅಷ್ಟ ಮಂದಿ ಒಂದ ಊರಾಗ ಒಮ್ಮೆಲೆ ಇಳದ್ರ, ಊರವರು ಎಲ್ಲಿ ನಿಂದರಬೇಕ್ರಿ?”

ಯುರೋಪಿನ ಬಂದರುಗಳಿಗೆ ಈ ಪ್ರಶ್ನೆ ಹೊಳೆಯಲು ತಡವಾಯಿತು. ವೆನಿಸ್ ಊರ ನಡುವಿನ ಜೂಡೆಕ್ಕಾ ಕಾಲುವೆಗೆ 25,000 ಟನ್ ಮೀರಿದ ಹಡಗು ಬರಕೂಡದು ಅಂತ 2021ರ ಆಗಸ್ಟಿನಲ್ಲಿ ಬಾಗಿಲು ಹಾಕಿದರು. ಕ್ರೊಯೇಷಿಯಾದ ಡುಬ್ರೊವ್ನಿಕ್‌ನವರು ದಿನಕ್ಕೆ ಎರಡೇ ದೊಡ್ಡ ಹಡಗು ಅಂದರು. ಗ್ರೀಸಿನ ಸ್ಯಾಂಟೊರಿನಿ ನಡುಗಡ್ಡೆಯವರು ಹಡಗಿನಿಂದ ಇಳಿಯುವವರು ದಿನಕ್ಕೆ 8,000 ಮೀರಬಾರದು ಅಂತ 2025ರಿಂದ ಮಿತಿ ಹಾಕಿದರು. ಅದೇ ವರ್ಷದ ಜುಲೈನಿಂದ ಬೇಸಿಗೆಯ ಸುಗ್ಗಿಯಲ್ಲಿ ಹಡಗಿನಿಂದ ಇಳಿದು ಅಲ್ಲಿ ಹೆಜ್ಜೆ ಇಟ್ಟರೆ ತಲೆಗೆ 20 ಯುರೋ ಪಟ್ಟಿ.

ಅಳಿಯ ಹೇಳುತ್ತಿರುವುದು ಇಂಥ ಹಡಗಲ್ಲ. ನೂರು, ನೂರೈವತ್ತು ಮಂದಿ ಹಿಡಿಯುವಂಥದು. ಅದರಲ್ಲಿ ಜೂಜಿನ ಕೋಣೆ ಇಲ್ಲ, ನೀರಾಟದ ಜಾರುಬಂಡಿ ಇಲ್ಲ. ಅದರ ಬದಲು ಒಬ್ಬ ಕಲ್ಲು ಮಣ್ಣಿನ ಪಂಡಿತ, ಒಬ್ಬ ಇತಿಹಾಸದವ, ಒಬ್ಬ ಹಕ್ಕಿ ನೋಡುವವ. ಸಂಜೆ ಎಲ್ಲರನ್ನೂ ಕೂರಿಸಿ, ನಾಳೆ ಎಲ್ಲಿ ಇಳಿಯುತ್ತೇವೆ, ಅಲ್ಲಿ ಏನು ನೋಡಬೇಕು, ಗಾಳಿ ಹೆಂಗಿದೆ ಅಂತ ಪಾಠ ಹೇಳುತ್ತಾರೆ. ಕಟ್ಟೆ ಇಲ್ಲದ ದಂಡೆಗೆ ಹಡಗು ಹತ್ತಿರ ಹೋಗುವುದಿಲ್ಲ. ದೂರ ನಿಂತು, ರಬ್ಬರಿನ ಗಾಳಿ ಬೋಟು ಇಳಿಸಿ, ಹತ್ತು ಹನ್ನೆರಡು ಮಂದಿಯಂತೆ ದಂಡೆಗೆ ಒಯ್ದು ಬಿಡುತ್ತಾರೆ.

ಅಳಿಯ ಕಳಿಸಿದ ವಿಡಿಯೋ ಕಾಕುವಿನ ಮೊಬೈಲಿನಲ್ಲಿತ್ತು. ಗೋಡೆಯ ಮೇಲೆ ಮೊಬೈಲು ನಿಲ್ಲಿಸಿ ಇಬ್ಬರೂ ನೋಡಿದೆವು. ಕೆಂಪು ಜಾಕೀಟು ತೊಟ್ಟ ಮುದುಕಿಯೊಬ್ಬಳು ಹಡಗಿನ ಮೆಟ್ಟಿಲಿಂದ ಬೋಟಿಗೆ ಕಾಲಿಡುತ್ತಿದ್ದಳು. ಬೋಟಿನ ಹುಡುಗ ಅವಳ ಬೆರಳು ಹಿಡಿಯಲಿಲ್ಲ, ಅಂಗೈ ಹಿಡಿಯಲಿಲ್ಲ. ಮುಂಗೈಗೆ ಮುಂಗೈ ಕೊಟ್ಟು, ಮಣಿಕಟ್ಟಿನ ಮೇಲ್ಗಡೆ ಇಬ್ಬರೂ ಒಬ್ಬರನ್ನೊಬ್ಬರು ಬಿಗಿಹಿಡಿದರು.

“ಬರೋಬ್ಬರಿ ಹಿಡದಾನ ನೋಡ್ರಿ,” ಅಂದರು ಕಾಕು. “ಕೈ ಹಿಡದ್ರ ಜಾರತೈತಿ. ಒಬ್ಬರ ಹಿಡತ ಬಿಟ್ರ ಇನ್ನೊಬ್ಬರದು ಇರ್ತೈತಿ ಇದರಾಗ. ಎಲ್ಲಿ, ಕೈ ತರ್ರಿ.”

ನಾನು ಗೋಡೆಯಾಚೆ ಕೈ ಚಾಚಿದೆ. ಕಾಕು ನನ್ನ ಮುಂಗೈ ಹಿಡಿದು ಒಮ್ಮೆ ಜಗ್ಗಿದರು. ಹಸಿರು ಬಳೆ ನನ್ನ ಮಣಿಕಟ್ಟಿಗೆ ಒತ್ತಿ ನೋವಾಯಿತು. ಎಪ್ಪತ್ತರ ಹತ್ತಿರದ ಆ ಕೈಯ ಬಿಗಿ ನೋಡಿದರೆ, ಕಲಿಯಲು ಇವರು ಹಡಗಿಗೆ ಹೋಗಬೇಕಾದ ಅಗತ್ಯವೇನೂ ಕಾಣಲಿಲ್ಲ.

“ಈ ರಬ್ಬರ ಬೋಟನ್ಯಾಗ ನಾ ಕುಂತೀನಿ,” ಅಂದರು. 2019ರ ಆಗಸ್ಟಿನ ಮಾತು. ಪಂಚಮಿಗೆ ತವರಿಗೆ ಹೋಗಿದ್ದರು. ಪಂಚಮಿಗೆ ತವರಿಗೆ ಹೋಗದಿದ್ದರೆ ಅದೆಂಥ ಹೆಣ್ಣು ಜನ್ಮ ಅನ್ನುವ ಪೈಕಿ ನಮ್ಮ ಕಾಕು. ಆ ವಾರವೇ ಕೃಷ್ಣೆ ತುಂಬಿ ಬಂದಳು. ನಮ್ಮ ಕಡೆ ಒಂದು ವಿಚಿತ್ರವಿದೆ, ಅದು ಹೊರಗಿನವರಿಗೆ ತಿಳಿಯುವುದಿಲ್ಲ. ಇಲ್ಲಿ ಮಳೆ ಇರುವುದಿಲ್ಲ. ಆಕಾಶ ನಿಚ್ಚಳ, ಹೊಲದಲ್ಲಿ ಧೂಳು. ಮಳೆ ಬೀಳುವುದು ಮಹಾಬಳೇಶ್ವರದ ಕಡೆ, ಕೊಯ್ನಾ ಕಣಿವೆಯಲ್ಲಿ. ಅಲ್ಲಿಯ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಟಿವಿಯಲ್ಲಿ ಕೇಳಿ, ಬಿಸಿಲಲ್ಲಿ ನಿಂತು ನಾವು ಪ್ರವಾಹಕ್ಕೆ ಕಾಯುತ್ತೇವೆ.

“ಉಂಡಿ ಡಬ್ಬಿ ಎದಿಗೆ ಅವಚಿಕೊಂಡ ಬೋಟಿನ ದುಂಡನ ಅಂಚಿನ ಮ್ಯಾಲ ಕುಂತಿದ್ದೆ. ಕಾಪಾಡಾಕ ಬಂದ ಪಡೆಯ ಹುಡುಗ ಹಿಂದ್ಯಾಗ ಒದರ್ತಿದ್ದ, ಡಬ್ಬಿ ಬಿಡ್ರಿ, ಎರಡೂ ಕೈಲೆ ಹಗ್ಗ ಹಿಡೀರಿ ಅಂತ. ಬಿಡಲಿಲ್ಲ ನಾನು. ಎಳ್ಳ ಉಂಡಿ, ಶೇಂಗಾ ಉಂಡಿ, ಅಳಿಟ್ಟಿನ ಉಂಡಿ. ದಂಡಿಗೆ ಬಂದ ಮ್ಯಾಲ ಅವಗೂ ಎರಡ ಕೊಟ್ಟೆ. ತಿಂದ. ಆವಾಗ ನಕ್ಕ ನೋಡ್ರಿ.”

ಹಡಗಿನವರು ಹೀಗೆ ಸಣ್ಣ ಬೋಟಿನಲ್ಲಿ ದಂಡೆ ಸೇರುವ ಪ್ರವಾಸಕ್ಕೆ ‘ಎಕ್ಸ್‌ಪೆಡಿಶನ್’ ಅಂತ ಹೆಸರಿಟ್ಟಿದ್ದಾರೆ ಅಂದೆ. ಈ ಹೆಸರಿನ ಬಗ್ಗೆ ನನಗೆ ತಕರಾರಿದೆ. ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಅನ್ನುವವ 1966ರಲ್ಲಿ ಪ್ರವಾಸಿಗಳನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ದು, 1969ರಲ್ಲಿ ಅದಕ್ಕೆಂದೇ ಒಂದು ಸಣ್ಣ ಹಡಗು ಕಟ್ಟಿಸಿ ಈ ಧಂದೆಗೆ ಬುನಾದಿ ಹಾಕಿದ. ಹಿಮದ ನಾಡಿಗೆ ಆ ಮಾತು ಒಪ್ಪುತ್ತದೆ. ಮೂರು ಸಾವಿರ ವರ್ಷದಿಂದ ವ್ಯಾಪಾರಿಗಳು, ಕಡಲಗಳ್ಳರು, ಪಾದ್ರಿಗಳು, ಸೈನಿಕರು ಎಡತಾಕಿದ ಮೆಡಿಟರೇನಿಯನ್ನಿನಲ್ಲಿ ಇನ್ನೇನು ಶೋಧಿಸುತ್ತಾರೆ? ಕಾಫಿ ಅಂಗಡಿ ಇಲ್ಲದ ದಂಡೆ ಹುಡುಕುವುದೇ ಅಲ್ಲಿ ಶೋಧ. ಹಾಗಂತ ಸಣ್ಣ ಹಡಗಿನ ಗುಣವನ್ನು ಅಲ್ಲಗಳೆಯಲಾರೆ. ಕ್ರೊಯೇಷಿಯಾದ ವಿಸ್ ಅನ್ನುವ ನಡುಗಡ್ಡೆ ಯುಗೊಸ್ಲಾವಿಯಾ ಸೇನೆಯ ನೆಲೆಯಾಗಿ, 1989ರ ತನಕ ಪರದೇಶದವರಿಗೆ ಬಂದಾಗಿತ್ತು. ದೊಡ್ಡ ಹೋಟೆಲು ಏಳಲಿಲ್ಲ. ಊರು ಊರಾಗಿ ಉಳಿಯಿತು. ಅಂಥ ಕಡೆ ಏಳು ಸಾವಿರ ಮಂದಿ ಇಳಿದರೆ ಉಳಿದದ್ದೂ ಹೋಗುತ್ತದೆ. ನೂರು ಮಂದಿ ಇಳಿದು ಅಂಗಡಿಯವಳಿಗೆ ನಮಸ್ಕಾರ ಹೇಳಿ, ಎರಡು ಅಂಜೂರ ಕೊಂಡು ಬಂದರೆ ಯಾರಿಗೂ ತ್ರಾಸಿಲ್ಲ. ದುಡ್ಡು ತೆಗೆದುಕೊಳ್ಳುವುದು ಆ ಕಡಿಮೆ ಮಂದಿಗೇ.

“ಆ ಮೊದಲನೇ ಹಡಗ ಈಗೂ ಐತೇನ್ರಿ?” ಕೇಳಿದರು ಕಾಕು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. 2007ರ ನವೆಂಬರಿನಲ್ಲಿ ಅಂಟಾರ್ಕ್ಟಿಕಾದ ಹತ್ತಿರ ಹಿಮಕ್ಕೆ ತಾಗಿ ಮುಳುಗಿತು, ಆದರೆ ಹಡಗಿನ ಒಬ್ಬರಿಗೂ ಜೀವಹಾನಿ ಆಗಲಿಲ್ಲ ಅಂದೆ. ಕಾಕು ಆ “ಆದರೆ”ಯ ಆಚೆ ಏನನ್ನೂ ಕೇಳಿಸಿಕೊಳ್ಳಲಿಲ್ಲ.

ಅವರ ಮನಸ್ಸು ತಿರುಗಿಸಲು ಭೂಗೋಲ ತೆಗೆದೆ. ಮೆಡಿಟರೇನಿಯನ್ನಿನಲ್ಲಿ ಉಬ್ಬರ ಇಳಿತ ನೆಪಕ್ಕಷ್ಟೇ. ಹೆಚ್ಚಿನ ಕಡೆ ಗೇಣು, ಎರಡು ಗೇಣು. ಜಿಬ್ರಾಲ್ಟರಿನ ಇಕ್ಕಟ್ಟಾದ ಬಾಯಿಯಿಂದ ಅಟ್ಲಾಂಟಿಕ್ಕಿನ ಉಬ್ಬರ ಒಳಗೆ ಬರಲಾರದು. ಅದಕ್ಕೇ ಅಲ್ಲಿನ ಮನೆಗಳು ನೀರಿನಂಚಿಗೇ ಇವೆ, ಮನೆಯ ಹೊಸ್ತಿಲಿಗೆ ದೋಣಿ ಕಟ್ಟುತ್ತಾರೆ.

“ಅಂದ್ರ ಅಲ್ಲಿ ನೀರ ಏರೂದs ಇಲ್ಲ?” ಕಾಕುವಿಗೆ ಇದು ನಂಬಲಾಗದ ಸಂಗತಿ. ಬಾಗಲಕೋಟೆ ಜಿಲ್ಲೆಯ ಹಿನ್ನೀರಿನ ಮಂದಿಗೆ ಸಮುದ್ರ ಮಟ್ಟದ ಲೆಕ್ಕ ಬಾಯಿಪಾಠ. 519 ಅಂದರೆ ಸಾಕು, ಯಾರ ಹೊಲ, ಯಾರ ಹಿತ್ತಲು ಅಂತ ಹೇಳುತ್ತಾರೆ. ಆಲಮಟ್ಟಿ ಈಗ ತುಂಬುವುದು 519.60 ಮೀಟರಿನ ತನಕ, 123 ಟಿಎಂಸಿ. ಬೇಸಿಗೆಗೆ ಅದೇ ನೀರು ಇಳಿದು, ಮುಳುಗಿದ್ದ ದಾರಿ, ಬೇಲಿಗೂಟ, ಗುಡಿಯ ಕಟ್ಟೆ ಮೇಲೇಳುತ್ತವೆ. ವರ್ಷಕ್ಕೊಂದೇ ಉಬ್ಬರ, ಒಂದೇ ಇಳಿತ. ಮುಂದೆ 524.256ಕ್ಕೆ ಏರಿಸಬೇಕು ಅನ್ನುವುದಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಂಪುಟ ಅದಕ್ಕೆ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ ಅಂತ ದರ ನಿಗದಿ ಮಾಡಿತು.

“ನಲವತ್ತ ಲಕ್ಷ ಅಂದ್ರ ಒಂದ ಎಕರೆಗೆ ಏಳೆಂಟ ಮಂದಿ ಹಡಗ ಹತ್ತಬಹುದು,” ಅಂತ ಲೆಕ್ಕ ಹಾಕಿ ಕಾಕು ನಕ್ಕರು. ಆ ನಗು ನನಗೆ ಸರಿ ಕಾಣಲಿಲ್ಲ, ಮಾತು ಮುಂದುವರಿಸಲಿಲ್ಲ.

ಅಷ್ಟರಲ್ಲಿ ಕಾಕಾ ಹೊಲದಿಂದ ಬಂದರು. ಕಬ್ಬಿನ ರವದಿ ಇನ್ನೂ ಧೋತರಕ್ಕೆ ಅಂಟಿತ್ತು. ಹಡಗಿನ ಮಾತು ಅಂತ ತಿಳಿದು ಒಳಗೆ ಹೋಗುವವರಿದ್ದರು, ಆದರೆ ನನ್ನ ಬಾಯಲ್ಲಿ ‘ಕೆನಾಲ್’ ಅನ್ನುವ ಮಾತು ಬಂದದ್ದೇ ತಡ, ನಿಂತುಬಿಟ್ಟರು.

“ಯಾವ ಕೆನಾಲ ಅದು?”

“ಗ್ರೀಸಿನ ಕೊರಿಂತ್ ಕೆನಾಲ್ ಕಾಕಾ. ನಿಮ್ಮ ಹಡಗು ಅದರಾಗ ಹಾದ ಹೋಗತೈತಿ.”

“ಎಷ್ಟ ಎಕರೆ ನೀರಾವರಿ?”

“ಒಂದ ಗುಂಟೇನೂ ಇಲ್ಲ. ಉಪ್ಪ ನೀರು.”

“ಒಂದ ಗುಂಟೆಕ್ಕೂ ನೀರ ಹಾಯದ ಕೆನಾಲ ಎದಕ ತೋಡಿದ್ರ ಮತ್ತ?”

ಹೇಳಿದೆ. ಪೆಲೊಪೊನೀಸ್ ಅನ್ನುವ ದೊಡ್ಡ ಭೂಭಾಗವನ್ನು ಸುತ್ತಿ ಬರುವುದು ತಪ್ಪಲಿ ಅಂತ. ಅದರ ಕೊರಳು ಬಹಳ ಸಪೂರ, 6.4 ಕಿಲೋಮೀಟರಷ್ಟೇ. ಕ್ರಿಸ್ತಪೂರ್ವ ಆರನೆಯ ಶತಮಾನದ ಹೊತ್ತಿಗೇ ಅಲ್ಲಿ ಕಲ್ಲು ಹಾಸಿದ ದಾರಿ ಮಾಡಿ ಹಡಗುಗಳನ್ನು ನೆಲದ ಮೇಲೆ ಎಳೆದು ಆಚೆ ಸಾಗಿಸುತ್ತಿದ್ದರು. ರೋಮಿನ ದೊರೆ ನೀರೋ ಕ್ರಿ.ಶ. 67ರಲ್ಲಿ ತಾನೇ ಗುದ್ದಲಿ ಹಿಡಿದು ಪೂಜೆ ಮಾಡಿದ, ಆರು ಸಾವಿರ ಯೆಹೂದಿ ಕೈದಿಗಳನ್ನು ಅಗೆಯಲು ಹಚ್ಚಿದ. ಮರುವರ್ಷ ಅವನೇ ಸತ್ತ, ಕೆಲಸ ನಿಂತಿತು. ಮುಗಿದದ್ದು 1893ರಲ್ಲಿ.

“ಅಂದ್ರ ಹದಿನೆಂಟನೂರು ವರ್ಷ!” ಕಾಕಾನ ಮುಖ ಅರಳಿತು. “ನಾವು ಸುಮ್ಮನ ಕೃಷ್ಣಾ ಮೇಲ್ದಂಡಿ ಯೋಜನಾಕ್ಕ ಬೈತೀವಿ.” ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದ್ದು 1964ರ ಮೇ 22ಕ್ಕೆ, ಮೂರನೇ ಹಂತ ಇನ್ನೂ ನಡೆದೇ ಇದೆ. ಕಾಕಾನ ಲೆಕ್ಕದಲ್ಲಿ ನೀರೋನಿಗಿಂತ ನಾವು ಎಷ್ಟೋ ಮುಂದೆ.

ಕೊರಿಂತಿನ ಆ ಕೆನಾಲು ನೀರಿನ ಮಟ್ಟದಲ್ಲಿ ಸುಮಾರು 25 ಮೀಟರ್ ಅಗಲ. ಇಕ್ಕೆಲದ ಸುಣ್ಣಗಲ್ಲಿನ ಗೋಡೆ ಕೆಲವು ಕಡೆ 75 ಮೀಟರಿಗೂ ಎತ್ತರ. ದೊಡ್ಡ ಹಡಗಿಗೆ ಅದರಲ್ಲಿ ಮಾರ್ಗವೇ ಇಲ್ಲ. ಸಣ್ಣದನ್ನು ಮುಂದೊಂದು ಟಗ್ ಬೋಟು ಕಟ್ಟಿ ಮೆಲ್ಲಗೆ ಎಳೆದೊಯ್ಯುತ್ತಾರೆ. ಹಡಗಿನ ಕಟಕಟೆ ಹಿಡಿದು ನಿಂತರೆ ಗೋಡೆಯ ಬಿರುಕಿನಲ್ಲಿ ಬೆಳೆದ ಗಿಡ ಕಣ್ಣೆದುರು ಸಾಗುತ್ತದೆ. 2021ರಲ್ಲಿ ದಂಡೆ ಕುಸಿದು ಮುಚ್ಚಿ, ದುರಸ್ತಿ ಮಾಡಿ ಮತ್ತೆ ತೆರೆದಿದ್ದಾರೆ. ಕುಸಿತದ ಸುದ್ದಿ ಕೇಳಿ ಕಾಕಾಗೆ ಆ ದೇಶದ ಮೇಲೆ ವಿಶ್ವಾಸ ಬಂತು. “ಕೆನಾಲ ಒಡಿಬೇಕರಿ, ಒಡಿಲಿಲ್ಲ ಅಂದ್ರ ಅದು ಕೆನಾಲs ಅಲ್ಲ,” ಅಂದು ಗೋಡೆಗೆ ಒರಗಿ ನಿಂತರು.

ಒಮ್ಮೆ ಒರಗಿ ನಿಂತರೆ ಕಾಕಾ ಬ್ಯಾರೇಜಿಗೆ ಬಂದೇ ಬರುತ್ತಾರೆ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರು ಸರ್ಕಾರದ ದಾರಿ ಕಾಯದೆ, ತಮ್ಮದೇ ರೊಕ್ಕ, ತಮ್ಮದೇ ರಟ್ಟೆ ಹಾಕಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಆ ಹೆಸರಿನ ಬಲದ ಮೇಲೆಯೇ 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ನಿಂತ ನೀರಿಗೆ ‘ಶ್ರಮಬಿಂದು ಸಾಗರ’ ಅಂತ ಹೆಸರಿಟ್ಟರು. ಕಾಕಾ ಆಗ ಕಲ್ಲು ಹೊತ್ತವರು. “ನಮ್ಮ ಸಾಗರ ನಾವ ಕಟ್ಟೀವಿ, ಮಂದಿ ಸಾಗರ ನೋಡಾಕ ಎದಕ ಹೋಗೂದು?” ಅನ್ನುವುದು ಅವರ ವಾದ. ವಾದ ಬರೋಬ್ಬರಿ ಇದೆ. ನೀರ ಮೇಲಿನ ಸಾಹಸಕ್ಕೆ ಈ ಸೀಮೆ ಯಾವತ್ತೂ ಕಡಿಮೆಯಿಲ್ಲ. ಕಂಕಣವಾಡಿಯ ರೈತರು ಗುಹೇಶ್ವರ ಗಡ್ಡೆಯ ಹೊಲಗಳಿಗೆ ಹೋಗಿ ಬರಲು ಪ್ಲಾಸ್ಟಿಕ್ ಬ್ಯಾರಲ್ಲು ಜೋಡಿಸಿ ತೇಲು ಸೇತುವೆಯನ್ನೇ ಮಾಡಿಕೊಂಡರು. ರಬಕವಿಯ ದಂಡೆಯಿಂದ ಮಹಿಷವಾಡಗಿಗೆ ಬೈಕು ಸಮೇತ ಬೋಟು ಹತ್ತುವವರನ್ನು ನಾನೇ ಕಂಡಿದ್ದೇನೆ. ಬೈಕಿನ ಮೇಲೆ ಕೂತವ ಇಳಿಯುವುದೂ ಇಲ್ಲ, ಮೊಬೈಲಿನಲ್ಲಿ ಮಾತೂ ನಿಲ್ಲಿಸುವುದಿಲ್ಲ.

ಕಾಕಾನ ಮಾತಿಗೆ ನಾನೂ ತಾಳ ಹಾಕಿದೆ. ನಮ್ಮಲ್ಲೇ ಒಂದು ಸಣ್ಣ ಹಡಗು ಬಿಟ್ಟರೆ? ಮುತ್ತೂರು, ಗಲಗಲಿ, ಕೊಲ್ಹಾರದ ಉದ್ದನೆಯ ಸೇತುವೆ, ಘಟಪ್ರಭೆ ಬಂದು ಕೃಷ್ಣೆಗೆ ಸೇರುವ ಚಿಕ್ಕಸಂಗಮ. ಬೀಳಗಿ ಕಡೆಯ ಹಿನ್ನೀರಿಗೆ ರಾಜಹಂಸಗಳ ಹಿಂಡು ಬರುತ್ತದೆ; ಮೆಡಿಟರೇನಿಯನ್ ದಂಡೆಯ ಉಪ್ಪುನೀರಿನ ಜೌಗಿನಲ್ಲಿ ಪಂಡಿತರು ದುರ್ಬೀನು ಹಿಡಿದು ತೋರಿಸುವುದೂ ಇದೇ ಜಾತಿಯ ಹಕ್ಕಿ. ಆಲಮಟ್ಟಿಯಲ್ಲಿ ಇಳಿದು ರಸ್ತೆ ಹಿಡಿದರೆ ಕೂಡಲಸಂಗಮ. ಸುತ್ತ ನೀರು, ನಡುವೆ ಬಾವಿಯಂಥ ಕಟ್ಟಡದ ಆಳದಲ್ಲಿ ಬಸವಣ್ಣನವರ ಐಕ್ಯಮಂಟಪ. ಸಂಜೆಯ ಪಾಠಕ್ಕೆ ಕಾಕಾ ಇದ್ದೇ ಇದ್ದಾರೆ.

“ಊಟಕ್ಕ?” ಅಂದರು ಕಾಕು. ಅವರಿಗೆ ಯಾವ ಹಡಗಾದರೂ ಇದೊಂದೇ ಚಿಂತೆ.

ಗ್ರೀಸಿನಲ್ಲಿ ಉಪವಾಸ ಬೀಳುವ ಭಯವಿಲ್ಲ ಅಂದೆ. ಅಲ್ಲಿನ ಕ್ರೈಸ್ತರಿಗೆ ವರ್ಷದಲ್ಲಿ ವ್ರತದ ದಿನಗಳು ಬಹಳ. ಆ ದಿನಗಳಿಗೆಂದೇ ಎಣ್ಣೆಯಲ್ಲಿ ಬೇಯಿಸಿದ ಕಾಯಿಪಲ್ಯ, ಕಾಳಿನ ಅಡುಗೆ ಇವೆ. ಸ್ಯಾಂಟೊರಿನಿಯಲ್ಲಿ ಹಳದಿ ಬೇಳೆ ಕುದಿಸಿ, ಮಸೆದು, ಮೇಲೆ ಉಳ್ಳಾಗಡ್ಡಿ ಹೆಚ್ಚಿ ಎಣ್ಣೆ ಹಾಕಿ ಕೊಡುತ್ತಾರೆ. ಜ್ವಾಲಾಮುಖಿಯ ಬೂದಿ ನೆಲದಲ್ಲಿ, ಮಳೆ ಕಡಿಮೆ ಇರುವ ಕಡೆ ಇಬ್ಬನಿ ಕುಡಿದು ಬೆಳೆಯುವ ಬೇಳೆ ಅದು. ಕಟಕ ರೊಟ್ಟಿ ಒಯ್ದರೆ ಅದರ ಜೊತೆ ಚೆನ್ನಾಗಿ ಹೋದೀತು. ಗಟ್ಟಿ ಮೊಸರೂ ಸಿಗುತ್ತದೆ, ಬಟ್ಟೆಯಲ್ಲಿ ಸೋಸಿದ್ದು.

“ಕೊಲ್ಹಾರ ಮೊಸರಿಗಿಂತ ಗಟ್ಟಿ ಐತೇನು? ಗಡಗಿ ಬೋರಲ ಹಾಕಿದ್ರೂ ಬೀಳಬಾರದು.”

ಅದನ್ನು ಹೋಗಿ ಪರೀಕ್ಷೆ ಮಾಡಬೇಕಷ್ಟೆ. ಹಳೆಯ ಕೊಲ್ಹಾರವೂ ಹಿನ್ನೀರಿಗೆ ಹೋಯಿತು, ಮೊಸರು ಮಾತ್ರ ಹೊಸ ಊರಿಗೆ ಬಂದು ಸೇರಿತು.

ಕಾಕುವಿಗೆ ಎಲ್ಲಕ್ಕಿಂತ ಹಿಡಿಸಿದ್ದು ಡಿಲೋಸ್ ನಡುಗಡ್ಡೆ. ಗ್ರೀಕರ ಅಪೊಲೊ ದೇವರು ಹುಟ್ಟಿದ ಜಾಗ. ಅದು ಮೊದಲು ತೇಲುತ್ತ ಅಲೆಯುತ್ತಿದ್ದ ಗಡ್ಡೆಯಂತೆ, ಬಸುರಿ ಲೀಟೊಗೆ ಬೇರೆ ಯಾವ ನೆಲವೂ ಜಾಗ ಕೊಡದಿದ್ದಾಗ ಇದು ಕೊಟ್ಟು, ಆಮೇಲೆ ನೆಲೆ ನಿಂತಿತಂತೆ. ಕ್ರಿಸ್ತಪೂರ್ವ 426ರಲ್ಲಿ ಅಥೆನ್ಸಿನವರು ಅದನ್ನು ಶುದ್ಧಿ ಮಾಡುತ್ತೇವೆಂದು ಹೊರಟು, ಇದ್ದಬದ್ದ ಗೋರಿಗಳನ್ನೆಲ್ಲ ಅಗೆದು ಪಕ್ಕದ ಗಡ್ಡೆಗೆ ಸಾಗಿಸಿದರು. ಇನ್ನು ಮುಂದೆ ಇಲ್ಲಿ ಯಾರೂ ಹುಟ್ಟಕೂಡದು, ಯಾರೂ ಸಾಯಕೂಡದು ಅಂತ ಕಟ್ಟಳೆ ಮಾಡಿದರು. ದಿನ ತುಂಬಿದವರನ್ನೂ ಜೀವ ಹೋಗುವವರನ್ನೂ ದೋಣಿಯಲ್ಲಿ ಆಚೆ ಒಯ್ಯಬೇಕು. ಈಗಲೂ ಪ್ರವಾಸಿಗಳು ರಾತ್ರಿ ಉಳಿಯುವಂತಿಲ್ಲ, ಸಂಜೆಗೆ ಬೋಟು ಹತ್ತಲೇಬೇಕು.

ಕಾಕು ಸ್ವಲ್ಪ ಹೊತ್ತು ಸೊಪ್ಪಿನ ದಂಟು ಮುರಿಯುತ್ತ ಇದ್ದರು. “ನಮ್ಮಲ್ಲೂ ಹಂಗs ಅಲ್ಲೇನ್ರಿ? ನೀರ ಏರೂ ಮದ್ಲ ಬಸರಿ ಹೆಂಗಸರನ್ನ, ವಯಸ್ಸಾದವರನ್ನ ದಂಡಿಗೆ ಬೀಗರ ಮನಿಗೆ ಕಳಸ್ತಾರ. ಅಲ್ಲಿ ದೇವರ ಬ್ಯಾಡ ಅಂದಾನ, ಇಲ್ಲಿ ದವಾಖಾನಿ ಇಲ್ಲ. ಆದ್ರ ಒಂದ ಫರಕ ಐತಿ. ನಮ್ಮವರು ತಿರುಗಿ ಬರ್ತಾರ.”

ಕಾಕಾ ಈ ಮಾತನ್ನು ಹಾಸ್ಯಕ್ಕೆ ಎಳೆಯಲು ಮುಧೋಳದ ನಾಯಿ ತಂದರು. ಮುಧೋಳದ ಘೋರ್ಪಡೆ ಮಹಾರಾಜರು ಐದನೇ ಜಾರ್ಜ್ ದೊರೆಗೆ ಬೇಟೆನಾಯಿಯ ಮರಿಗಳನ್ನು ಕೊಟ್ಟ ಕತೆ ಈ ಕಡೆ ಎಲ್ಲರ ಬಾಯಲ್ಲಿದೆ. “ನಮ್ಮ ಸೀಮಿ ನಾಯಿ ಹಡಗ ಹತ್ತಿ ವಿಲಾಯತಿ ಕಂಡು ನೂರ ವರ್ಷ ಆತು, ನಾವಿನ್ನೂ ಕಂಪೌಂಡ ದಾಟಿಲ್ಲ.” ಆ ಕಾಲಕ್ಕೆ ಬೊಂಬಾಯಿಯಲ್ಲಿ ಹಡಗು ಹತ್ತಿದವರಿಗೆಲ್ಲ ಸುಯೆಜ್ ದಾಟಿದ ಮೇಲೆ ಸಿಗುತ್ತಿದ್ದದ್ದು ಇದೇ ಮೆಡಿಟರೇನಿಯನ್. 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟ ನಮ್ಮ ವಿ.ಕೃ. ಗೋಕಾಕರೂ ಹಡಗಿನಲ್ಲೇ ಹೋದದ್ದು. ‘ಸಮುದ್ರ ಗೀತೆಗಳು’ ಬಂದದ್ದು ಆ ನಂಟಿನಿಂದಲೇ. ಆದರೆ ಅವರಿಗೆಲ್ಲ ಅದು ದಾರಿ. ಹೆಚ್ಚಿನ ನಡುಗಡ್ಡೆಗಳಲ್ಲಿ ಹಡಗು ನಿಲ್ಲುತ್ತಿರಲಿಲ್ಲ. ಕಣ್ಣಿಗೆ ಕಂಡು ಹಿಂದೆ ಸರಿಯುತ್ತಿದ್ದವು.

ಅದಕ್ಕೂ ಹಿಂದಿನ ಒಂದು ಹಡಗು ನನ್ನ ಮೆಚ್ಚಿನದು. ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವಲ್ಲಿ ಸಿಕ್ಕ, ಕ್ರಿ.ಶ. ಎರಡನೇ ಶತಮಾನದ ಪಪೈರಸ್ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವಿದೆ. ಹಿಂದೂ ದೇಶದ ದಂಡೆಯಲ್ಲಿ ರಾಜನೊಬ್ಬನ ಸೆರೆಯಲ್ಲಿದ್ದ ಚಾರಿಷನ್ ಅನ್ನುವ ಗ್ರೀಕ್ ಹುಡುಗಿಯನ್ನು ಬಿಡಿಸಲು ಅವಳ ಅಣ್ಣ ಹಡಗು ತರುತ್ತಾನೆ. ರಾಜನಿಗೂ ಅವನ ಮಂದಿಗೂ ಹೆಂಡ ಕುಡಿಸಿ, ತಂಗಿಯನ್ನು ಕರೆದುಕೊಂಡು ಪಾರಾಗುತ್ತಾನೆ. ಆ ರಾಜನ ಕಡೆಯವರು ಆಡುವ ಮಾತು ಹಳೆಗನ್ನಡವೇ ಅಂತ ಹುಲ್ಟ್ಸ್‌ ಅನ್ನುವ ಪಂಡಿತ ಅಂದಾಜು ಮಾಡಿದ. ಗೋವಿಂದ ಪೈಗಳಂಥವರೂ ಅದನ್ನು ಹಿಡಿದು ಬರೆದರು. ಒಪ್ಪದವರೂ ಇದ್ದಾರೆ.

“ತವರಿನವರು ಕರಕೊಂಡ ಹೋಗಾಕ ಬಂದ್ರು ಅನ್ರಿ,” ಅಂದರು ಕಾಕು. ಅವರಿಗೆ ಅದರಲ್ಲಿ ಮತ್ತೇನೂ ವಿಶೇಷ ಕಾಣಲಿಲ್ಲ.

ಇಷ್ಟೆಲ್ಲ ಆದ ಮೇಲೆ ಕಾಕಾನ ನಿಜವಾದ ತೊಡಕು ಹೊರಬಂತು. ವೀಸಾ. ಕ್ರೊಯೇಷಿಯಾ 2023ರ ಜನವರಿಯಲ್ಲಿ ಶೆಂಗೆನ್ ಕೂಟಕ್ಕೆ ಸೇರಿದ್ದರಿಂದ ಆ ದೇಶಕ್ಕೂ ಗ್ರೀಸಿಗೂ ಒಂದೇ ವೀಸಾ ಸಾಕು. ಆದರೆ ಕಾಗದಪತ್ರದ ಪಟ್ಟಿಯಲ್ಲಿ ಮೂರು ವರ್ಷದ ಆದಾಯ ತೆರಿಗೆ ರಿಟರ್ನು ಕೇಳಿದ್ದಾರೆ.

“ಒಕ್ಕಲುತನಕ್ಕ ಟ್ಯಾಕ್ಸ ಇಲ್ಲ, ರಿಟರ್ನ ಎಲ್ಲಿಂದ ತರ್ಲಿ? ಉತಾರ ಕೊಟ್ರ ನಡಿತೈತೇನು?”

ಉತಾರವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ, ಕಾರ್ಖಾನೆಯ ಕಬ್ಬಿನ ಬಿಲ್ಲು, ಬ್ಯಾಂಕಿನ ಸ್ಟೇಟ್‌ಮೆಂಟು, ಮಗಳ ಕರೆಯೋಲೆ ಜೋಡಿಸಿದರೆ ನಡೆಯುತ್ತದೆ ಅಂದೆ. ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು. ಕಾಕಾ ತಮ್ಮ ಬೆರಳು ನೋಡಿಕೊಂಡರು. ಗೆರೆಗಳು ಸವೆದಿವೆ; ರೇಷನ್ ಅಂಗಡಿಯ ಯಂತ್ರವೇ ಮೂರು ನಾಲ್ಕು ಸಲ ಒತ್ತಿಸಿಕೊಳ್ಳುತ್ತದೆ.

ಯಾವ ತಿಂಗಳು ಅನ್ನುವುದು ಮತ್ತೊಂದು ಗಂಟು. ಈ ಹಡಗುಗಳು ಓಡುವುದು ಏಪ್ರಿಲಿನಿಂದ ಅಕ್ಟೋಬರಿನ ತನಕ. ಜುಲೈ, ಆಗಸ್ಟಿನಲ್ಲಿ ಈಜಿಯನ್ ಸಮುದ್ರಕ್ಕೆ ಬಡಗಣ ಗಾಳಿ ಬೀಸುತ್ತದೆ, ಮೆಲ್ಟೆಮಿ ಅಂತ. ಸಣ್ಣ ಹಡಗು ಹೆಚ್ಚು ಹೊಯ್ದಾಡುತ್ತದೆ, ವಾಂತಿ ಮಾಡುವವರು ಮಾಡುತ್ತಾರೆ. ಆಗಸ್ಟು ಹೇಗೂ ಕಾಕುವಿನ ಪಂಚಮಿಗೆ ಮೀಸಲು. ಅಕ್ಟೋಬರಿಗೆ ಕಬ್ಬಿನ ಕಟಾವಿನ ಗ್ಯಾಂಗಿನವರಿಗೆ ಮುಂಗಡ ಕೊಡುವ ಹೊತ್ತು. ಉಳಿದದ್ದು ಮೇ. ಕಾರ್ಖಾನೆ ಬಂದಾಗಿರುತ್ತದೆ, ಹೊಲಕ್ಕೆ ನೀರು ಬಿಡಲು ಆಳು ಸಿಕ್ಕರೆ ಆಯಿತು. ಸಮುದ್ರವೂ ಆಗ ತಣ್ಣಗಿರುತ್ತದೆ.

“ಮೇ ಅಂದ್ರ ನಮ್ಮ ಕಡೆ ನೀರ ಇಳದಿರ್ತೈತಿ,” ಅಂದರು ಕಾಕು. “ಅಣ್ಣನ ಮನಿಗೆ ನಡಕೊಂತ ಹೋಗೂ ದಿನಾ ಅವು. ಅಂಥಾ ದಿನಾ ಬಿಟ್ಟು ಹಡಗ ಹತ್ತಬೇಕ?” ಅನ್ನುತ್ತಲೇ ಮೊಬೈಲು ತೆಗೆದು ಮಗಳಿಗೆ ಧ್ವನಿ ಸಂದೇಶ ಕಳಿಸಿದರು. ಗೋಡೆಯ ಆಚೆ ಈಚೆ ಎಲ್ಲರಿಗೂ ಕೇಳುವಷ್ಟು ದನಿ.

“ಏ ಯವ್ವಾ, ಬರ್ತೀವಂತ ಹೇಳು ನಿನ್ನ ಗಂಡಗ. ಮೇದಾಗ. ಗುಡಿ ಗುಂಡಾರ, ಗೋರಿ, ಕ್ವಾಟಿ ತೋರಿಸಿದ್ರ ತೋರಿಸ್ರಿ, ನಾ ನೋಡ್ತೀನಿ. ಆದ್ರ ಅಲ್ಲಿ ನಡುಗಡ್ಡ್ಯಾಗ ಇರೂ ಹೆಂಗಸರ ಕೂಡ ಮಾತಾಡಸಬೇಕು. ಕನ್ನಡದಾಗ ಕೇಳ್ತೀನಿ, ಅವರ ಭಾಷಾದಾಗ ಕೇಳವರ ಯಾರರ ಬೇಕು. ಗಾಳಿಗೆ ಬೋಟ ಬಂದ ಆದಾಗ ಹಾಲ ಏನ ಮಾಡ್ತಾರ, ಸಾಲಿ ಹುಡುಗ್ರು ಎಲ್ಲಿ ಇರ್ತಾರ, ಅಂಥಾ ಊರಿಗೆ ಹೆಣ್ಣ ಕೊಡ್ತಾರೋ ಇಲ್ಲೋ. ಅದಕ್ಕ ಬ್ಯಾರೆ ರೊಕ್ಕ ಹಿಡಿತೈತಿ ಅಂದ್ರ ಬ್ಯಾಡ.”

ಸಂದೇಶ ಹೋಯಿತೋ ಇಲ್ಲವೋ ಅಂತ ಕಾಕು ಕನ್ನಡಕ ಸರಿ ಮಾಡಿಕೊಂಡು ನೋಡುತ್ತಿದ್ದರು. ಕಾಕಾ ಮೊಬೈಲಿಗೆ ಬಾಯಿ ಹತ್ತಿರ ತಂದು, ಆ ಕೆನಾಲು ಹಗಲಿನಲ್ಲಿ ಬರುತ್ತದೋ ರಾತ್ರಿ ಬರುತ್ತದೋ ಕೇಳು ಅಂತ ಸೇರಿಸಿದರು. ಅಷ್ಟರಲ್ಲಿ ಹೊಲದ ಆಳು ಬೈಕಿನಲ್ಲಿ ಬಂದು ತ್ರೀಫೇಸ್ ಕರೆಂಟು ಬಂತು ಅಂತ ಒದರಿದ. ಕಾಕಾ ಚಪ್ಪಲಿ ಹುಡುಕುತ್ತ ಹೊರಟೇಬಿಟ್ಟರು, ಕಾಕು ಒಲೆಯ ಮೇಲಿನ ಬೇಳೆ ನೆನಪಾಗಿ ಒಳಗೆ ಓಡಿದರು.